ದುಗ್ಗಮ್ಮ ಶೆಡ್ತಿಯವರು ಬಡಿಸದ ಎಲೆ

೧೯೫೭ನೆಯ ಇಸವಿ. ನನಗಾಗ ಇಪ್ಪತ್ತಾರು ವರ್ಷ. ಪುತ್ತಿಗೆಯ ಸಮೀಪದ ಶಾಲೆಯೊಂದಕ್ಕೆ ಕನ್ನಡ ಅಧ್ಯಾಪಕನಾಗಿ ಬಂದಿದ್ದ ನಾನು ಬಾಡಿಗೆಯ ಕೋಣೆಯನ್ನು ಅರಸುತ್ತ ದುಗ್ಗಮ್ಮ ಶೆಡ್ತಿಯವರ ಅಂಗಳಕ್ಕೆ ಕಾಲಿಟ್ಟಾಗ ಅವರು ಎಲ್ಲಿಗೋ ಹೊರಟು ನಿಂತಿದ್ದರು. ಬಾಗಿಲಿಗೆ ಬೀಗ ಹಾಕಿ, ಜಗ್ಗಿ ನೋಡಿ, ಅಂಗಳಕ್ಕಿಳಿದು, ಮಾಡಿನ ಕಡೆಗೆ ಮುಖವೆತ್ತಿ ಗಟ್ಟಿಯಾಗಿ ಹೇಳಿದರು: "ನಾನು ಹೋಗಿ ಬರ್ತೇನೆ. ಮನೆ ನೋಡಿಕೊ."

ಒಳಗಿನಿಂದ ಉತ್ತರ ಬರಲಿಲ್ಲ. ಅವರು ಉತ್ತರಕ್ಕಾಗಿ ಕಾಯಲೂ ಇಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀವು ಹೊಸ ಮಾಷ್ಟ್ರಾ? ಜಗಲಿಯ ಕೋಣೆ ಖಾಲಿ ಉಂಟು. ಅಟ್ಟಕ್ಕೆ ಮಾತ್ರ ಹತ್ತಬಾರದು. ಮೇಲೆ ನನ್ನ ತಂಗಿ ಪದ್ದು ಇದ್ದಾಳೆ" ಎಂದರು.

"ಅವರಿಗೆ ಮೈ ಸರಿಯಿಲ್ಲವೆ?"

"ಸತ್ತು ಮೂವತ್ತು ವರ್ಷ ಆಯಿತು ಅಂತ ಊರಿನವರು ಹೇಳ್ತಾರೆ" ಎಂದು ಅವರು ಕೊಡೆ ಬಿಡಿಸಿಕೊಂಡು ನಡೆದುಬಿಟ್ಟರು.

ವಿಷಯವನ್ನು ಕ್ರಮವಾಗಿ ಹೇಳುವುದು ನನ್ನ ಅಭ್ಯಾಸ. ಆದ್ದರಿಂದ ಮೊದಲು ಅವರ ಪರಿಚಯ. ಅರುವತ್ತು ದಾಟಿದ ವಿಧವೆ, ಮಕ್ಕಳಿಲ್ಲ. ಉದ್ದನೆಯ ಮೂಗು, ಅದಕ್ಕಿಂತ ಉದ್ದನೆಯ ಹಟ. ಅವರದು ಅಳಿಯಕಟ್ಟಿನ ಮನೆ. ಎಂದರೆ ಮನೆತನವು ಹೆಣ್ಣಿನ ಮೂಲಕ ಮುಂದುವರಿಯುತ್ತದೆ, ಆಡಳಿತವನ್ನು ಗಂಡಸು ನೋಡಿಕೊಳ್ಳುತ್ತಾನೆ. ಹಿಂದೆ ಸೋದರಮಾವ ಯಜಮಾನರಾಗಿದ್ದರು; ಅವರು ತೀರಿಕೊಂಡ ಮೇಲೆ ದುಗ್ಗಮ್ಮನವರ ತಮ್ಮ ಐತಪ್ಪ ಶೆಟ್ಟಿ. ಅವನನ್ನು ಎಳವೆಯಲ್ಲಿ ಎತ್ತಿ ಆಡಿಸಿ, ಉಣ್ಣಿಸಿ ಬೆಳೆಸಿದವರು ದುಗ್ಗಮ್ಮನವರೇ. ಈಗ ಅವನು ಬೆಳ್ತಂಗಡಿಯಲ್ಲಿ ಹೆಂಡತಿಯ ಮನೆಯಲ್ಲಿದ್ದು, ಕಾರ್ಯಗಳಿಗೆ ಮಾತ್ರ ಇಲ್ಲಿಗೆ ಬರುತ್ತಿದ್ದ.

ದುಗ್ಗಮ್ಮನವರು ಊರಿನವರೊಡನೆ ತುಳುವಿನಲ್ಲಿ ಮಾತನಾಡುತ್ತಿದ್ದರು. ಆ ಮಾತುಗಳನ್ನೂ ನಾನಿಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ನನ್ನೊಡನೆ ಮಾತ್ರ, ಮೂರನೆಯ ತರಗತಿಯವರೆಗೆ ಕಲಿತಿದ್ದ ಕನ್ನಡವನ್ನು ಜೋಪಾನವಾಗಿ ಹೊರತೆಗೆಯುತ್ತಿದ್ದರು. ನನ್ನ ಕನ್ನಡದ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. "ನಿಮ್ಮದು ಇಸ್ತ್ರಿ ಹಾಕಿದ ಮಾತು ಮಾಷ್ಟ್ರೇ. ಕೂತರೆ ಮಡಿಕೆ ಬೀಳ್ತದೆ ಅಂತ ನಿಂತೇ ಇರ್ತದೆ" ಎನ್ನುತ್ತಿದ್ದರು.

ಆ ಅಟ್ಟಕ್ಕೆ ಇಡೀ ಊರು ಹೆದರುತ್ತಿತ್ತು. ಸತ್ತವರ ಪ್ರೇತಕ್ಕೆ ತುಳುವಿನಲ್ಲಿ ಕುಲೆ ಎಂದು ಹೆಸರು. ಮದುವೆಯಾಗದೆ ಜ್ವರದಿಂದ ಸತ್ತ ಪದ್ದುವಿನ ಕುಲೆ ಅಲ್ಲಿದೆ, ಮುಸ್ಸಂಜೆಯಲ್ಲಿ ನಡೆದಾಡುತ್ತದೆ, ಅಷ್ಟೇ ಅಲ್ಲ, ಅನ್ನ ಬೇಯಿಸುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನು ನಂಬುವವನಲ್ಲ. ಆದರೆ ನನ್ನ ಮೂಗನ್ನು ನಂಬದಿರುವುದು ಹೇಗೆ? ಒಲೆ ಆರಿದ ಹೊತ್ತಿನಲ್ಲೂ ಗಂಧಸಾಲೆ ಅಕ್ಕಿ ಬೇಯುವ ಪರಿಮಳ ಅಟ್ಟದಿಂದ ಇಳಿದು ಬರುತ್ತಿತ್ತು. ಹಲಗೆಯ ಮೇಲೆ ಮೃದುವಾದ ಹೆಜ್ಜೆಯ ಸದ್ದೂ ಕೇಳಿಸುತ್ತಿತ್ತು. ಒಮ್ಮೆ ಮೇಲೆ ಹೋಗಿ ಪರೀಕ್ಷಿಸುತ್ತೇನೆಂದು ಹೊರಟೆ. "ನೀವು ಮಕ್ಕಳನ್ನು ಪರೀಕ್ಷೆ ಮಾಡಿ. ಅಟ್ಟ ಪಾಸಾಗಿ ಎಷ್ಟೋ ವರ್ಷ ಆಯಿತು" ಎಂದು ಅವರು ಏಣಿಗೆ ಅಡ್ಡ ನಿಂತರು.

ನಾನು ಗಮನಿಸಿದ ಸಂಗತಿಗಳು ಇನ್ನೆರಡು. ವರ್ಷಕ್ಕೊಮ್ಮೆ ಅವರು ಹಲಸಿನ ಹಪ್ಪಳದ ಕಟ್ಟು ಹಿಡಿದುಕೊಂಡು ಬಂಟ್ವಾಳಕ್ಕೆ ಹೋಗುತ್ತಿದ್ದರು. ಏಕೆಂದು ಕೇಳಿದರೆ ಒಂದು ವರ್ಷ ಮಂಡಿನೋವಿಗೆ ಮದ್ದು, ಮರುವರ್ಷ ಕಿವಿಗೆ. ಮಂಡಿಯೂ ಕಿವಿಯೂ ನನಗಿಂತ ಚೆನ್ನಾಗಿದ್ದವು. ಎರಡನೆಯದು, ಮಳೆಗಾಲದ ಆಟಿ ತಿಂಗಳ ಎಲೆ. ಆಟಿಯಲ್ಲಿ ಮನೆಯ ಸತ್ತವರಿಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ಬಾಳೆಯೆಲೆ ಹಾಕಿ, ಬಡಿಸಿ, ಅವರು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ಕೂರುವುದು ನಮ್ಮ ಕಡೆಯ ಪದ್ಧತಿ. ಐತಪ್ಪ ಎಲೆ ಹಾಕುತ್ತಿದ್ದ, ದುಗ್ಗಮ್ಮನವರು ಬಡಿಸುತ್ತಿದ್ದರು. ತಾಯಿಯ ಎಲೆಗೆ ಬಡಿಸಿದರು, ಮಾವನ ಎಲೆಗೆ ಬಡಿಸಿದರು. ಪದ್ದುವಿನ ಎಲೆಯ ಮುಂದೆ ಬೆನ್ನು ಬಗ್ಗಿಸಿ ನೇರವಾದರು, ಅಷ್ಟೇ. ಎಲೆಯ ಮೇಲೆ ಒಂದು ಅಗುಳೂ ಇರಲಿಲ್ಲ. ಜಗಲಿಯ ಮೂಲೆಯಲ್ಲಿದ್ದ ನನಗೆ ಅದು ಕಂಡಿತು. ನನಗೆ ಕಂಡದ್ದು ಅವರಿಗೂ ಕಂಡಿತು. ಇಬ್ಬರೂ ಆ ಮಾತನ್ನು ಎತ್ತಲಿಲ್ಲ.

೧೯೬೧ರಲ್ಲಿ, ಆಟಿಗೆ ಸ್ವಲ್ಪ ಮೊದಲು, ವಿಟ್ಲದ ಕಡೆಯಿಂದ ಮಂಜಪ್ಪ ಶೆಟ್ಟರೆಂಬವರು ಬಂದರು. ಅವರ ತಮ್ಮ ಸಂಜೀವ ಮದುವೆಯಾಗದೆ ಹಾವು ಕಚ್ಚಿ ಸತ್ತಿದ್ದನಂತೆ. ಈಗ ಶೆಟ್ಟರ ಮಗಳಿಗೆ ಬಂದ ಸಂಬಂಧಗಳೆಲ್ಲ ಮುರಿಯುತ್ತಿದ್ದವು. ಸಂಜೀವನ ಕುಲೆ ಹೆಣ್ಣು ಕೇಳುತ್ತಿದೆ ಎಂದು ಜೋಯಿಸರ ಪ್ರಶ್ನೆಯಲ್ಲಿ ಕಂಡುಬಂದಿತ್ತು. ಹಾಗೆ ಸತ್ತವರಿಗೆ ಸತ್ತವರನ್ನೇ ತಂದು ಮದುವೆ ಮಾಡುವ ಕ್ರಮವೂ ನಮ್ಮ ಕಡೆ ಉಂಟು. ಗಂಡಿನವರು ಸೀರೆ, ಬಳೆ ತರುತ್ತಾರೆ, ಮಣೆಗಳ ಮೇಲೆ ಇಬ್ಬರಿಗೂ ಧಾರೆಯಾಗುತ್ತದೆ.

"ನಿಮ್ಮ ಅಟ್ಟದ ಹೆಣ್ಣನ್ನು ನಮ್ಮ ಸಂಜೀವನಿಗೆ ಕೊಡಬೇಕು ದುಗ್ಗಕ್ಕಾ" ಎಂದು ಶೆಟ್ಟರು ಕೈಮುಗಿದರು. "ಹುಡುಗ ಬಹಳ ಸಾಧು. ಬೀಡಿ ಕೂಡ ಮುಟ್ಟಿದವನಲ್ಲ."

"ಹುಡುಗ ಸಾಧುವೇ ಇರಬಹುದು. ನಮ್ಮ ಹುಡುಗಿ ಒಪ್ಪುವುದಿಲ್ಲ."

"ನೀವು ಕೇಳಿದ್ದೀರಾ?"

"ಕೇಳುವುದು ಬೇಡ. ಅವಳ ಗುಣ ನನಗೆ ಗೊತ್ತುಂಟು."

ಆದರೆ ಐತಪ್ಪ ಒಪ್ಪಿದ. ಯಜಮಾನನ ಒಪ್ಪಿಗೆಯೇ ಒಪ್ಪಿಗೆ, ದಿನವೂ ನಿಶ್ಚಯವಾಯಿತು. ಶೆಟ್ಟರು ಹೋದ ಮೇಲೆ ಅವನು ಅಕ್ಕನ ಮುಂದೆ ಕುಳಿತ. "ನೀನು ಯಾಕೆ ಅಡ್ಡ ಬರ್ತಿ ಅಕ್ಕ? ಸತ್ತವಳಿಗೆ ಒಂದು ಗತಿ ಆಗಲಿ. ಅವಳು ಹೀಗೆ ಮೇಲೆ ಅಲೆಯುವುದು ನಿನಗೆ ಸಂತೋಷವಾ? ನನಗೆ ಅವಳ ಮುಖ ನೆನಪಿಲ್ಲ. ಕೈತುತ್ತು ಕೊಟ್ಟದ್ದು ನೆನಪುಂಟು." ದುಗ್ಗಮ್ಮನವರು ಏನೋ ಹೇಳಲು ಬಾಯಿ ತೆರೆದು, ಮುಚ್ಚಿ, ಎದ್ದು ಒಳಗೆ ಹೋದರು.

ಮರುದಿನ ಮಧ್ಯಾಹ್ನ ನನ್ನನ್ನು ಕರೆದರು: "ಮಾಷ್ಟ್ರೇ, ಅಟ್ಟಕ್ಕೆ ಹತ್ತುವ."

ಮೇಲೆ ಕತ್ತಲೆ ಇರಲಿಲ್ಲ. ಮಾಡಿನಲ್ಲಿ ಒಂದು ಗಾಜಿನ ಹಂಚಿತ್ತು. ಅದರಿಂದ ಬಿಸಿಲು ಚಾಪೆಯ ಮೇಲೆ ಬಿದ್ದಿತ್ತು. ಚಾಪೆಯ ಪಕ್ಕದಲ್ಲಿ ಕನ್ನಡಿ, ಬಾಚಣಿಗೆ, ಒಗೆದು ಹಾಕಿದ ಹೊದಿಕೆಯ ದಿಂಬು. ಮೂಲೆಯ ಹಳೆಯ ಬುಟ್ಟಿಯಲ್ಲಿ ಒಂದು ಕಬ್ಬೆಕ್ಕು, ಎಂದರೆ ಪುನುಗಿನ ಜಾತಿಯ ಕಾಡುಬೆಕ್ಕು, ಮರಿಗಳೊಡನೆ ಮಲಗಿತ್ತು. ಬೇಯುವ ಅನ್ನದ ಪರಿಮಳ ಅದರ ಮೈಯದು.

"ಇವಳೇ ಕುಲೆ" ಎಂದರು ದುಗ್ಗಮ್ಮನವರು. "ಬಾಳೆಹಣ್ಣು ಹಾಕಿ ಸಾಕಿದ್ದೇನೆ. ಇದರ ಅಜ್ಜಿಯನ್ನೂ ಸಾಕಿದ್ದೆ. ಮೇಲೆ ಸದ್ದಾಗುವಷ್ಟು ದಿನ ಯಾರೂ ಹತ್ತುವುದಿಲ್ಲ. ಯಾರೂ ಹತ್ತದಷ್ಟು ದಿನ ಅವಳ ಜಾಗ ಅವಳಿಗೇ."

"ಸತ್ತವರ ದಿಂಬಿಗೆ ಒಗೆದ ಹೊದಿಕೆ ಏಕೆ?" ಎಂದು ನಾನು ಕೇಳಿದೆ.

ಅವರು ನನ್ನನ್ನೇ ನೋಡಿದರು. "ಅದನ್ನು ನಾನು ಬಾಯಲ್ಲಿ ಹೇಳುವ ಹಾಗಿಲ್ಲ. ಮಾವ ದೀಪ ಮುಟ್ಟಿಸಿ ಆಣೆ ಹಾಕಿಸಿದ್ದಾರೆ. ಧಾರೆಯ ದಿನ ಬೆಳಿಗ್ಗೆ ನನ್ನೊಟ್ಟಿಗೆ ಬಂಟ್ವಾಳಕ್ಕೆ ಬನ್ನಿ. ದುಗ್ಗಮ್ಮ ಯಾರನ್ನೋ ಹಿಡಿದುಕೊಂಡು ಬಂದಳು ಅಂತ ನಾಳೆ ಯಾರೂ ಹೇಳಬಾರದು. ನೀವು ಸುಳ್ಳು ಹೇಳುವುದಿಲ್ಲ ಅಂತ ಊರಿಗೇ ಗೊತ್ತುಂಟು. ಹೇಳಲಿಕ್ಕೆ ಬರುವುದೂ ಇಲ್ಲ ನಿಮಗೆ."

ಆ ದಿನ ಮೂಡುಬಿದಿರೆಯವರೆಗೆ ನಡೆದು, ಅಲ್ಲಿಂದ ಬೆಳಗಿನ ಬಸ್ಸಿನಲ್ಲಿ ಬಂಟ್ವಾಳ ತಲುಪಿದೆವು. ಹೊಳೆಯ ಬದಿಯಲ್ಲಿ, ಹಂಚಿನ ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಒಂದು ಚಿಕ್ಕ ಮನೆ. ಬಾಗಿಲು ತೆರೆದವರಿಗೆ ಐವತ್ತರ ಮೇಲಾಗಿತ್ತು. ಅದೇ ಉದ್ದನೆಯ ಮೂಗು. "ದುಗ್ಗಕ್ಕಾ! ವರ್ಷಕ್ಕೆ ಎರಡು ಸಲ ಯಾವಾಗಿನಿಂದ?" ಎಂದು ಅವರು ನಕ್ಕರು. ನಾಲ್ಕು ವರ್ಷ ನಾನು ಯಾರ ಕೆಳಗೆ ಮಲಗಿ ನಿದ್ರಿಸಿದ್ದೆನೋ, ಆ ಪದ್ದು ಕೈಯಲ್ಲಿ ಸೌಟು ಹಿಡಿದು ನಿಂತಿದ್ದರು.

ಒಳಗಿನಿಂದ ಅವರ ಗಂಡ ತನಿಯಪ್ಪ ಬಂದ. ಬಹಳ ಹಿಂದೆ ದುಗ್ಗಮ್ಮನವರ ಮನೆಯ ಮುಳಿಹುಲ್ಲು ತೆಗೆದು ಹಂಚು ಹೊದಿಸಲು ಬಂದಿದ್ದವನು ಅವನೇ. ಜಾತಿ ಬೇರೆ. ಮಾಡಿನ ಕೆಲಸ ಮುಗಿದ ವಾರವೇ ಪದ್ದು ಅವನ ಹಿಂದೆ ಹೋದರು. ಅವಮಾನವನ್ನು ತಾಳದ ಮಾವ, ಹುಡುಗಿ ನೆಂಟರ ಮನೆಯಲ್ಲಿ ಜ್ವರದಿಂದ ಸತ್ತಳೆಂದು ಸಾರಿ, ಬೊಜ್ಜವನ್ನೂ, ಎಂದರೆ ಸತ್ತವರ ಕ್ರಿಯೆಯನ್ನೂ, ಮಾಡಿ ಮುಗಿಸಿದರು. ಸತ್ಯವನ್ನು ಬಲ್ಲವರು ಮಾವ, ತಾಯಿ ಮತ್ತು ದುಗ್ಗಮ್ಮ. ಐತಪ್ಪ ಆಗ ಆರು ವರ್ಷದ ಹುಡುಗ. ಇದೆಲ್ಲವನ್ನೂ ಪದ್ದಮ್ಮನವರೇ ಅನಂತರ ನನಗೆ ಬಸ್ಸಿನಲ್ಲಿ ಹೇಳಿದರು.

"ಅಕ್ಕಾ, ಮಾಡು ಸೋರ್ತದಾ?" ಎಂಬುದು ತನಿಯಪ್ಪನ ಮೊದಲ ಪ್ರಶ್ನೆ.

"ಸೋರುವುದಿಲ್ಲ. ಸೋರಿದ್ದರೆ ನಿನ್ನನ್ನು ಎಂದೋ ಕರೆಸಬಹುದಿತ್ತು" ಎಂದರು ದುಗ್ಗಮ್ಮನವರು. ಅನಂತರ ತಂಗಿಯ ಕಡೆಗೆ ತಿರುಗಿ, "ಹೊರಡು. ನಿನಗೆ ಮದುವೆ ನಿಶ್ಚಯ ಮಾಡಿದ್ದಾರೆ."

"ಹುಡುಗ ಯಾರು?" ಎಂದು ಕೇಳಿದವನು ತನಿಯಪ್ಪ.

"ವಿಟ್ಲದ ಕಡೆಯವನು. ಸತ್ತಿದ್ದಾನೆ."

"ಹಾಗಾದರೆ ನನಗೇನೂ ಹೆದರಿಕೆ ಇಲ್ಲ" ಎಂದು ಅವನು ನಕ್ಕ. ಪದ್ದಮ್ಮನವರು ನಗಲಿಲ್ಲ. "ಮಾವನ ಆಣೆ?" ಎಂದರು ಮೆಲ್ಲಗೆ.

"ನಾನು ಬಾಯಿ ಬಿಡುವುದಿಲ್ಲ. ನೀನು ಬಿಡು. ನಿನಗೆ ಯಾರೂ ಆಣೆ ಹಾಕಲಿಲ್ಲವಲ್ಲ."

ನಾವು ಮೂವರು ಅಂಗಳ ತಲುಪಿದಾಗ ಮಣೆಗಳನ್ನು ಇಟ್ಟಾಗಿತ್ತು. ಹರಿವಾಣದಲ್ಲಿ ಹಸುರು ಸೀರೆ, ಬಳೆ, ಮಲ್ಲಿಗೆ. ಐತಪ್ಪ ಕೈಯಲ್ಲಿ ನೀರಿನ ಗಿಂಡಿ ಹಿಡಿದಿದ್ದ. ದುಗ್ಗಮ್ಮನವರು ತಂಗಿಯ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದರು. ಅವರ ತುಟಿಗಳು ಬಿಗಿದುಕೊಂಡೇ ಇದ್ದವು.

ಪದ್ದಮ್ಮನವರು ಹೇಳಿದರು: "ಐತಪ್ಪಾ, ನಾನು ಪದ್ದು. ನನಗೆ ಮದುವೆಯಾಗಿದೆ. ಮಗಳು ಇದ್ದಾಳೆ, ಮೊಮ್ಮಗನೂ ಇದ್ದಾನೆ. ಈ ಸೀರೆ ನನಗೆ ಬೇಡ."

ವಿಟ್ಲದಿಂದ ಬಂದಿದ್ದ ಒಬ್ಬ ಅಜ್ಜಿ ಕಿರುಚಿಕೊಂಡು ಹಟ್ಟಿಯ ಕಡೆಗೆ ಓಡಿದರು. ಯಾರೋ ನನ್ನ ಮುಖ ನೋಡಿದರು. "ಬಂಟ್ವಾಳದ ಮನೆಯಿಂದ ಇವರನ್ನು ಕರೆತರುವಾಗ ನಾನು ಜೊತೆಗಿದ್ದೆ. ಇವರು ದುಗ್ಗಮ್ಮನವರ ತಂಗಿ" ಎಂದೆ. ಮಂಜಪ್ಪ ಶೆಟ್ಟರು ಕೆಂಪಾದರು: "ಇದು ಮೋಸ! ನಮ್ಮ ಸಂಜೀವನಿಗೆ ನಾನು ಏನು ಹೇಳಲಿ?"

ಸಂಜೀವನ ಬಗ್ಗೆ ಮಾತನಾಡಲು ದುಗ್ಗಮ್ಮನವರಿಗೆ ಯಾವ ಆಣೆಯೂ ಇರಲಿಲ್ಲ. "ಸ್ವಲ್ಪ ತಡೆದುಕೊಳ್ಳಲಿಕ್ಕೆ ಹೇಳಿ ಶೆಟ್ರೇ. ಹೆಣ್ಣು ನಾನು ಹುಡುಕಿ ಕೊಡ್ತೇನೆ. ನಿಜವಾಗಿ ಸತ್ತವಳನ್ನೇ ಹುಡುಕುವ" ಎಂದರು. ಹೇಳಿದಂತೆ ಮಾಡಿದರು ಕೂಡ. ಆ ಆಟಿ ಮುಗಿಯುವುದರೊಳಗೆ ಬೆಳ್ತಂಗಡಿಯ ಒಂದು ಮನೆಯಲ್ಲಿ ಸಂಜೀವನಿಗೆ ತಕ್ಕ ಹೆಣ್ಣು ಸಿಕ್ಕಿತು.

ಐತಪ್ಪನದು ಅಷ್ಟು ಸುಲಭವಾಗಲಿಲ್ಲ. ಅವನು ಗಿಂಡಿಯನ್ನು ಕೆಳಗಿಟ್ಟು, ಅಕ್ಕನಿಗೆ ಮಾತ್ರ ಕೇಳಿಸುವಂತೆ ಹೇಳಿದ: "ನಾನು ಇಷ್ಟು ವರ್ಷ ಅತ್ತದ್ದು ಯಾರಿಗೆ? ಬೊಜ್ಜ ಆದವಳು ಒಳಗೆ ಬರಬಾರದು. ನನಗೆ ಅವಳು ಸತ್ತವಳೇ."

"ನೀನು ಯಜಮಾನ, ಹೌದು. ಮನೆ ಮಾತ್ರ ಹೆಣ್ಣುಗಳದ್ದು ಐತಪ್ಪ" ಎಂದರು ದುಗ್ಗಮ್ಮನವರು. "ಅವಳ ಜಾಗವನ್ನು ನಾನು ಕಾದದ್ದು ನಿನ್ನನ್ನು ಕೇಳಿ ಅಲ್ಲ."

ಹೊಸ್ತಿಲು ದಾಟಲು ಒಪ್ಪದವರು ಪದ್ದಮ್ಮನವರೇ. "ಅವನು ಕರೆದ ದಿನ ಬರ್ತೇನೆ ಅಕ್ಕ" ಎಂದು ಅಂಗಳದಿಂದಲೇ ಹಿಂದಿರುಗಿದರು.

ಅಲ್ಲಿಂದ ಮುಂದೆ ದುಗ್ಗಮ್ಮನವರ ಬಾಳಿಗೆ ಒಂದೇ ಕೆಲಸ. ತಿಂಗಳಿಗೊಮ್ಮೆ ಬೆಳ್ತಂಗಡಿಗೆ ಹೋಗುವರು; ತಮ್ಮನ ಜಗಲಿಯಲ್ಲಿ ಕುಳಿತು, "ಪದ್ದುವನ್ನು ಕರೆದುಕೊಂಡು ಬಾ" ಎನ್ನುವರು; ಅವನು ತಲೆಯಾಡಿಸುವನು; ಮಜ್ಜಿಗೆ ಕುಡಿದು ಹಿಂದಿರುಗುವರು. ಬೈಗುಳವಿಲ್ಲ, ಕಣ್ಣೀರಿಲ್ಲ. "ಏನಾಯಿತು?" ಎಂದು ನಾನು ಕೇಳಿದರೆ, "ಮಜ್ಜಿಗೆ ಒಳ್ಳೆಯದಿತ್ತು" ಎನ್ನುವರು. ಇತ್ತ ಆಟಿ ಬಂದಾಗ ಐತಪ್ಪ ಹಟದಿಂದ ಪದ್ದುವಿಗೆ ಎಲೆ ಹಾಕುವನು. ದುಗ್ಗಮ್ಮನವರು ಈಗ ಎಲ್ಲರೆದುರಿಗೇ ಅದನ್ನು ದಾಟಿ ಮುಂದಿನ ಎಲೆಗೆ ಹೋಗುವರು.

೧೯೬೪ರ ಬೇಸಗೆಯಲ್ಲಿ ಅವರು ಹಾಸಿಗೆ ಹಿಡಿದರು. ಶಾಲೆಗೆ ಹೊರಟ ನನ್ನನ್ನು ಒಂದು ಬೆಳಿಗ್ಗೆ ಒಳಗೆ ಕರೆದರು.

"ಕಬ್ಬೆಕ್ಕಿಗೆ ಹಣ್ಣು ಹಾಕಿದಿರಾ?"

"ಹಾಕಿದೆ."

"ಬರುವ ಆಟಿಗೆ ಐತಪ್ಪ ನನಗೂ ಎಲೆ ಹಾಕ್ತಾನೆ. ಅವನಿಗೆ ಹೇಳಿ ಮಾಷ್ಟ್ರೇ, ಪದ್ದು ಬಡಿಸದಿದ್ದರೆ ನಾನು ಉಣ್ಣುವುದಿಲ್ಲ. ಇಸ್ತ್ರಿ ಹಾಕಬೇಡಿ. ಹೀಗೆಯೇ ಹೇಳಿ."

ಅದು ನಮ್ಮ ಕೊನೆಯ ಮಾತು. ಅವರ ಬೊಜ್ಜ ಮುಗಿದ ಮೇಲೆ ನಾನು ಬೆಳ್ತಂಗಡಿಗೆ ಹೋಗಿ ಆ ಮಾತನ್ನು ಒಂದಕ್ಷರ ಬದಲಿಸದೆ ಒಪ್ಪಿಸಿದೆ. ಐತಪ್ಪ ಅಂಗಳ ನೋಡುತ್ತ, "ಸಣ್ಣವನಿದ್ದಾಗ ನಾನು ಉಣ್ಣದಿದ್ದರೆ ದುಗ್ಗಕ್ಕನೂ ಉಣ್ಣುತ್ತಿರಲಿಲ್ಲ" ಎಂದ.

ಆ ಆಟಿಯಲ್ಲಿ ಅವನು ತಾನೇ ಬಂಟ್ವಾಳಕ್ಕೆ ಹೋಗಿ ಅಕ್ಕನನ್ನು ಕರೆತಂದ. ಹೊಸ್ತಿಲಲ್ಲಿ ನಿಂತು, "ಒಳಗೆ ಬಾ ಪದ್ದಕ್ಕ" ಎಂದ. ಎಲೆಗಳನ್ನು ಹಾಕಿದ: ತಾಯಿಗೆ, ಮಾವನಿಗೆ, ಹೊಸದಾಗಿ ದುಗ್ಗಮ್ಮನವರಿಗೆ. ಆಮೇಲೆ ವರ್ಷಗಳ ರೂಢಿಯಿಂದ ಕೈ ತಾನಾಗಿ ಇನ್ನೊಂದು ಎಲೆಯನ್ನೂ ಹಾಸಿತು. ಹಾಸಿದ ಮೇಲೆ ಅವನಿಗೆ ಅರಿವಾಗಿ, ಕೈ ಅಲ್ಲೇ ನಿಂತಿತು. ಪದ್ದಮ್ಮನವರು ಬಗ್ಗಿ, ಆ ಎಲೆಯನ್ನು ಎತ್ತಿ, ಒರೆಸಿ, ಪಕ್ಕಕ್ಕಿಟ್ಟರು. ಉಳಿದ ಎಲೆಗಳಿಗೆ ಬಡಿಸಿದರು. ದುಗ್ಗಮ್ಮನವರದಕ್ಕೆ ಕೊನೆಗೆ, ಎರಡು ಸೌಟು ಹೆಚ್ಚು. ಬಾಗಿಲು ಮುಚ್ಚಿತು. ನಾವು ಹೊರಗೆ ಕುಳಿತೆವು. ಅಟ್ಟದಲ್ಲಿ ಕಬ್ಬೆಕ್ಕು ಒಮ್ಮೆ ಓಡಾಡಿತು.

ಬಾಗಿಲು ತೆರೆದ ಮೇಲೆ ಪದ್ದಮ್ಮನವರು ಒಳಗೆ ಹೋಗಿ, ತೆಗೆದಿಟ್ಟಿದ್ದ ತಮ್ಮ ಎಲೆಯನ್ನು ಹಾಸಿ ಕುಳಿತರು. ಐತಪ್ಪ ಬಡಿಸಿದ. ಅವರು ಉಂಡರು. ಅಂದು ೧೯೬೪ನೆಯ ಇಸವಿ ಆಗಸ್ಟ್ ೭ನೆಯ ತಾರೀಕು.