ಬಟ್ಟೆಯಿಂದ ಇಳಿದಷ್ಟು

ಮಧುವನಹಳ್ಳಿಯ ಆ ಬೀದಿಯಲ್ಲಿ ಯಾವ ಕೂಸಿಗೆ ಆರು ತಿಂಗಳು ತುಂಬಿದರೂ ತಾಯಿ ಮೊಳಕೆ ರಾಗಿಯ ಹಿಟ್ಟು ಹಿಡಿದು ಮಹಾದೇವಮ್ಮನ ಬಾಗಿಲಿಗೆ ಬರುತ್ತಾಳೆ. ಪಾತ್ರೆಯ ಬಾಯಿಗೆ ತೆಳು ಪಂಚೆ ಬಿಗಿದು, ಮೇಲೆ ಹಿಟ್ಟು ಸುರಿದು, ಅಂಗೈಯಲ್ಲಿ ನವಿರಾಗಿ ಸವರುತ್ತ ಕೂಸಿನ ಗಂಜಿಯಾದ ರಾಗಿಸರಿಗೆ ಬೇಕಾದ ನುಣ್ಣನೆಯ ಹಿಟ್ಟು ಇಳಿಸುವುದಕ್ಕೆ ಅವರ ಕೈಯೇ ಆಗಬೇಕು. ಮಾತು ಮಾತ್ರ ಆ ಕೈಯಷ್ಟು ನವಿರಲ್ಲ.

ಈ ಸಲ ಅವರದೇ ಮೊಮ್ಮಗಳ ಸರದಿ. ಸೊಸೆ ಭವ್ಯ ಮೈಸೂರಿನಲ್ಲಿ ಓದಿದವಳು. ಕೂಸು ಸೀನಿದರೂ ಎದೆ ಹಿಡಿದುಕೊಳ್ಳುವವಳು. ಕೂಸಿನ ತೂಕ ಹೋದ ತಿಂಗಳಿಗಿಂತ ಅಷ್ಟೇನೂ ಏರಿರಲಿಲ್ಲ. ನರ್ಸಮ್ಮ ಪರವಾಗಿಲ್ಲ ಎಂದಿದ್ದರೂ, ಇವತ್ತಿನ ಮೊದಲ ತುತ್ತನ್ನು ಅದು ನುಂಗದೇ ಹೋದರೆ ಎಂದು ಬೆಳಗಿನಿಂದ ಅವಳಿಗೆ ಅದೇ ಚಿಂತೆ.

"ಅಷ್ಟು ರಾಗಿಗೆ ಇಷ್ಟೇನಾ ಅತ್ತೆ?" ತಟ್ಟೆಗೆ ಸುರಿದ ಹಿಡಿ ಹಿಟ್ಟು ನೋಡಿ ಕೇಳಿದಳು.

"ಇಳಿಯೋದೇ ಅಷ್ಟು ಕಣವ್ವ. ಮಿಕ್ಕಿದ್ದು ನಮ್ಮ ಮುದ್ದೆಗಾಯ್ತದೆ."

ಹಿಟ್ಟು ಹಾರದಿರಲೆಂದು ಬಾಗಿಲು ಮುಚ್ಚಿದ್ದರಿಂದ ಒಳಗೆಲ್ಲ ಧಗೆ. ಕೂಸಿನ ಕತ್ತಿನಲ್ಲಿ ಬೆವರು ಕಂಡದ್ದೇ ತಡ, ಭವ್ಯ ಫ್ಯಾನ್ ಹಾಕಿಬಿಟ್ಟಳು.

ಹಿಟ್ಟು ಎದ್ದಿತು. ಬೆಳಕಿಂಡಿಯಿಂದ ಇಳಿದ ಬಿಸಿಲಕೋಲಿನಲ್ಲಿ ಮೋಡವಾಗಿ ಸುತ್ತಿತು, ತೇಲಿತು. ಭವ್ಯ ಮೈಮರೆತು ನಿಂತಳು. ಕಾಲೇಜಿನಲ್ಲಿ ಓದಿದ್ದು ಕಣ್ಣೆದುರಿಗೇ ಬಂದಂತಿತ್ತು: ನಕ್ಷತ್ರಗಳ ನಡುವೆ ಹರಡಿದ ಅನಿಲದ ಮೋಡಗಳು. ಅಷ್ಟು ದೊಡ್ಡ ಮೋಡ ತನ್ನ ಭಾರಕ್ಕೆ ತಾನೇ ಕುಗ್ಗಿದರೂ ನಕ್ಷತ್ರವಾಗುವುದು ನೂರರಲ್ಲಿ ಕೆಲವೇ ಪಾಲು. ಹೊಸದಾಗಿ ಹುಟ್ಟಿದ ದೊಡ್ಡ ನಕ್ಷತ್ರಗಳ ಬೆಳಕೂ ಅವುಗಳಿಂದ ಚಿಮ್ಮುವ ಕಣಗಳ ಗಾಳಿಯೂ ಉಳಿದದ್ದನ್ನು ದೂರ ತಳ್ಳಿಬಿಡುತ್ತವೆ. ಹಾಗಿದ್ದೂ ಆಕಾಶದ ತುಂಬ ನಕ್ಷತ್ರ.

"ಆರ್ಸು ಅದ್ನ! ನಿಮ್ಮ ಮೈಸೂರಲ್ಲಿ ಇಟ್ಟಿಗೂ ಗಾಳಿ ಬೀಸ್ತಾರಾ?" ಅತ್ತೆಯ ಹುಬ್ಬೆಲ್ಲ ಬೂದುಬೂದಾಗಿತ್ತು.

ಸ್ವಿಚ್ ಆರಿಸುವಷ್ಟರಲ್ಲಿ ತಟ್ಟೆ ಬರಿದಾಗಿತ್ತು. "ಇನ್ನೇನು ಗತಿ ಅತ್ತೆ?" ಭವ್ಯಳ ಕಣ್ಣು ತುಂಬಿತು.

"ಅದಕ್ಯಾಕೆ ಅಳ್ತೀಯ? ಇಷ್ಟಗಲ ಬಾಯಿಗೆ ಎಷ್ಟು ಬೇಕು, ಬುಡು."

ಮಹಾದೇವಮ್ಮ ತಟ್ಟೆಯ ಅಂಚಿಗೆ ಅಂಟಿದ್ದನ್ನು ಬೆರಳಲ್ಲಿ ಬಳಿದರು. ಒಂದು ಚಮಚವಾಯಿತು. ನೀರಿನಲ್ಲಿ ಕದಡಿ, ಕೈಬಿಡದೆ ತಿರುವಿ ಬೇಯಿಸಿ, ಆರಿಸಿ ತಂದರು.

ಕೂಸು ಮೊದಲ ತುತ್ತನ್ನು ಉಗುಳಿತು. ಆಮೇಲಿನದು ಗಲ್ಲಕ್ಕಿಳಿಯಿತು, ಅದರ ಮುಂದಿನದು ಅಜ್ಜಿಯ ಸೆರಗಿಗೆ. ಭವ್ಯ ಉಸಿರು ಬಿಗಿಹಿಡಿದಳು. ನಾಲ್ಕನೆಯದಕ್ಕೆ ಆ ಪುಟ್ಟ ಗಂಟಲು ಒಮ್ಮೆ ಅಲುಗಿತು.

"ನುಂಗ್ತು ಕಣವ್ವ!"

ಹೊರಗೆ ಹೋದದ್ದೇ ಹೆಚ್ಚಲ್ಲವೇ ಎನ್ನಲು ಹೊರಟ ಭವ್ಯ ಬಿಸಿಲಕೋಲಿನತ್ತ ನೋಡಿದಳು. ಬಿಸಿಲಲ್ಲಿ ಹಿಟ್ಟು ಇನ್ನೂ ತೇಲುತ್ತಿತ್ತು. ಕೂಸು ಅದನ್ನು ಹಿಡಿಯಲು ಕೈಚಾಚಿ, ಮತ್ತೆ ಬಾಯಿ ತೆರೆಯಿತು.