ಶತ್ರು ಬೇಕಾಗಿದ್ದಾರೆ

ಮೊನ್ನೆ ಗೇಟಿಗೆ ಬಣ್ಣ ಹಚ್ಚುವವರು ಡಬ್ಬಿಯ ಮುಚ್ಚಳ ತೆಗೆದರು ನೋಡಿ, ಟರ್ಪೆಂಟೈನ್ ವಾಸನೆ ಸೀದಾ ನಡುಮನೆಗೆ ಬಂತು. ಬೇರೆಯವರಿಗೆ ಆ ವಾಸನೆಗೆ ತಲೆನೋವು ಬರುತ್ತದಂತೆ. ನನಗೆ ಯುದ್ಧ ನೆನಪಾಗುತ್ತದೆ. ನಗಬೇಡಿ. ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ, ಕಾರವಾರದ ಒಂದು ಬಾಡಿಗೆ ಮನೆಯಲ್ಲಿ, ನಾನು ಬ್ರಿಟಿಷ್ ಟ್ಯಾಂಕ್ ಪಡೆಯೊಂದರ ಸೇನಾಧಿಪತಿಯಾಗಿದ್ದೆ.

ಈ ಹುಚ್ಚು ಹಿಡಿಸಿದವನು ಚಿತ್ತಾಕುಲದ ಪೆಡ್ನೇಕರ. ಕೈಗಾ ಅಣುಸ್ಥಾವರಕ್ಕೆ ಹೋಗುವ ಕಂಪನಿ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನವನು. ಉಳಿದವರೆಲ್ಲ ಗೊರಕೆ ಹೊಡೆಯುವಾಗ ಇವನು ನನಗೆ ಆಟದ ನಿಯಮ ಹೇಳುತ್ತಿದ್ದ. ಎರಡನೆಯ ಮಹಾಯುದ್ಧದ ಪುಟಾಣಿ ಟ್ಯಾಂಕುಗಳನ್ನು ಅಂಟಿಸಬೇಕು, ಬಣ್ಣ ಹಚ್ಚಬೇಕು, ಮೇಜಿನ ಮೇಲೆ ಮರಳು ಹರವಿ, ಪಟ್ಟಿ ಹಿಡಿದು ಅಳೆದು ಸರಿಸಿ, ದಾಳ ಹಾಕಿ ಕಾದಾಡಬೇಕು. ಅವನ ಬಳಿ ಇಟಲಿಯ ಸೈನ್ಯವಿತ್ತು, ಶತ್ರು ಇರಲಿಲ್ಲ.

"ನೀ ಬ್ರಿಟಿಷ್ ಆಗು ಮಾರಾಯಾ. ಮರುಭೂಮಿ ಯುದ್ಧ. ನಮ್ಮಲ್ಲಿ ಮರಳಿಗೆಂತ ಬರ?"

ತಲೆಯಲ್ಲಿ ಬಿಳಿಕೂದಲು ಇಣುಕಿದ್ದ ಗಂಡಸು ನಾನು, ಹೂಂ ಅಂದುಬಿಟ್ಟೆ.

ಮುಂಬಯಿಯಿಂದ ಅವನ ತಮ್ಮ ಸಾಮಾನು ಕಳಿಸಿದ. ಬೇಸಿಗೆ, ಬಾವಿ ತಳ ಕಂಡಿತ್ತು. ಅಂಥ ಹೊತ್ತಿನಲ್ಲಿ "ಟ್ಯಾಂಕು ಬಂತು, ಸಂಜೆ ತರ್ತೇನೆ" ಎಂದು ಮನೆಗೆ ಫೋನ್ ಮಾಡಿದ್ದೇ ಎಡವಟ್ಟು. ಸಂಜೆ ಬಂದು ನೋಡಿದರೆ ನನ್ನ ತಾಯಿ, ನಮ್ಮ ಆಯಿ, ಹಿತ್ತಲಲ್ಲಿ ಜಾಗ ಸಮ ಮಾಡಿಸಿ, ಕೆಳಗೆ ಕಲ್ಲು ಕೂರಿಸಿ, ನೆರೆಮನೆಯವರಿಗೂ ದಿನಾ ಎರಡು ಕೊಡ ನೀರು ಕೊಡುತ್ತೇನೆಂದು ಮಾತು ಕೊಟ್ಟಾಗಿತ್ತು. ನಾನು ಚೀಲದಿಂದ ಬೆಂಕಿಪೊಟ್ಟಣದಷ್ಟು ದೊಡ್ಡದೊಂದನ್ನು ತೆಗೆದು ಅವಳ ಕೈಗಿಟ್ಟೆ.

"ಇದೆಂತದಾ? ಇದ್ರಲ್ಲಿ ಚಮಚ ನೀರೂ ಹಿಡಿಯೂದಿಲ್ಲ!"

"ಇದು ಯುದ್ಧದ ಟ್ಯಾಂಕು, ಆಯಿ. ಬ್ರಿಟಿಷರದ್ದು."

ಅಯ್ಯೋ, ನೀರಿನ ಸಿಟ್ಟು ಏನೂ ಅಲ್ಲ, ಅಸಲಿ ಸಿಟ್ಟು ಆಗ ಬಂತು. "ಬ್ರಿಟಿಷರದ್ದಾ? ಅಂಕೋಲೆಲಿ ಉಪ್ಪು ಮಾಡಿ ಜೈಲಿಗೆ ಹೋದವ ನನ್ನಪ್ಪ. ಅವನ ಮೊಮ್ಮಗ ನೀನು! ನಿಂಗೆ ಬೇರೆ ಯಾರ ಟ್ಯಾಂಕೂ ಸಿಗ್ಲಿಲ್ವನಾ?"

ಇದು ಬರೀ ಆಟ ಎಂದೆ. "ಅವ್ರೂ ಹಂಗೇ ಬಂದಿದ್ರು, ಬರೀ ವ್ಯಾಪಾರ ಅಂತ" ಎಂದು ಒಳಗೆ ಹೋದಳು.

ಬಣ್ಣಕ್ಕೆಂದು ನಾನು ತಂದದ್ದು ಬೋಟಿಗೆ ಹಚ್ಚುವ ಆಯಿಲ್ ಪೇಂಟು. ಮೊದಲ ಟ್ಯಾಂಕು ಬೆಲ್ಲದ ಪಾಕದಲ್ಲಿ ಅದ್ದಿ ತೆಗೆದ ಹಾಗಾಯಿತು. ಟರ್ಪೆಂಟೈನ್ ಬೆರೆಸಿ ತೆಳು ಮಾಡಿದ ಮೇಲೆ ಮುಂದಿನವು ಸ್ವಲ್ಪ ಸುಧಾರಿಸಿದವು. ಎಲ್ಲಕ್ಕಿಂತ ದಪ್ಪ ಜಾತಿಯ ಟ್ಯಾಂಕಿನ ಹೆಸರು ಮಟಿಲ್ಡಾ ಎಂದಾಗ, ಮಾತು ಬಿಟ್ಟಿದ್ದ ಆಯಿಗೂ ತಡೆಯಲಾಗಲಿಲ್ಲ.

"ನಮ್ಗೆ ಹೊಲಿಗೆ ಕಲಿಸ್ತಿದ್ದ ಅಕ್ಕೋರ ಹೆಸ್ರೂ ಅದೇ. ನಡಿಗೆ ನಿಧಾನ. ಆದ್ರೆ ಯಾರಿಗೂ ಜಗ್ಗೂರಲ್ಲ."

ನಂಬಿ, ಆ ಟ್ಯಾಂಕಿನ ಗುಣವನ್ನು ಇದಕ್ಕಿಂತ ಚೆನ್ನಾಗಿ ಪೆಡ್ನೇಕರನೂ ಹೇಳಿರಲಿಲ್ಲ.

ಭಾನುವಾರಗಳು ಸುಖವಾಗಿ ಹೋಗುತ್ತಿದ್ದವು. ಅಷ್ಟರಲ್ಲಿ ಪೆಡ್ನೇಕರನಿಗೆ ರಾಜಸ್ಥಾನಕ್ಕೆ ವರ್ಗವಾಯಿತು, ಖುದ್ದು ಮರುಭೂಮಿಗೇ! ತನ್ನ ಇಟಲಿಯನ್ನು ಬಟ್ಟೆಯಲ್ಲಿ ಸುತ್ತಿ ನನಗೇ ಕೊಟ್ಟ. "ಅಲ್ಲಿ ನಂಗೆ ಯಾರು ಸಿಗ್ತಾರೆ? ನೀನೇ ಯಾರನ್ನಾದ್ರೂ ಹುಡುಕು" ಎಂದ. ಎದುರಾಳಿಯಿಲ್ಲದಿದ್ದರೆ ಸೇನಾಧಿಪತಿ ಯಾರು ಹೇಳಿ? ಆಟಿಕೆ ಒರೆಸುವ ಒಬ್ಬ ನಡುವಯಸ್ಸಿನವನು, ಅಷ್ಟೇ. ಬಸ್ಸಿನಲ್ಲಿ ಒಬ್ಬೊಬ್ಬರನ್ನೇ ಕೇಳಿದೆ, ನನಗೆ ಶತ್ರುವಾಗುತ್ತೀರಾ ಎಂದು. "ನಮ್ ನಮ್ಮಲ್ಲಿ ಯಾಕೆ ಸರ್ ಅದೆಲ್ಲ? ಚೆನ್ನಾಗೇ ಇದ್ದೇವಲ್ಲ" ಎಂದು ಒಬ್ಬರು ಗಾಬರಿಯಿಂದ ಸೀಟು ಬದಲಿಸಿದರು.

ಒಂದು ಭಾನುವಾರ ಸುಮ್ಮನೆ ಎರಡೂ ಸೈನ್ಯ ಜೋಡಿಸಿ ಕೂತಿದ್ದೆ. ಆಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

"ಆ ಬದಿಗೆ ಯಾರು?"

"ಯಾರೂ ಇಲ್ಲ."

"ಈ ಬದಿಗೆ ಬ್ರಿಟಿಷರು, ಹೌದೋ ಅಲ್ವೋ?"

"ಹೌದು."

ಕುರ್ಚಿ ಎಳೆದು ಎದುರಿಗೆ ಕೂತಳು. "ಹಂಗಾದ್ರೆ ನಾ ಆಡ್ತೆ. ಎಂತ ಮಾಡ್ಬೇಕು ಹೇಳು."

ಇಟಲಿ ಎಲ್ಲಿದೆ ಎಂದು ಅವಳು ಕೇಳಲೇ ಇಲ್ಲ. ದಾಳವನ್ನು ಮುಷ್ಟಿಯಲ್ಲಿ ಕುಲುಕಿ, ಅಪ್ಪನ ಹೆಸರು ಹೇಳಿ ಹಾಕಿದಳು. ಊಟದ ಹೊತ್ತಿಗೆ ನನ್ನ ಮಟಿಲ್ಡಾಗಳೆಲ್ಲ ಮಗುಚಿ ಬಿದ್ದಿದ್ದವು. ಅಂದಿನಿಂದ ಇಂದಿನವರೆಗೆ ನಮ್ಮ ಮನೆಯಲ್ಲಿ ಬ್ರಿಟಿಷರು ಗೆದ್ದದ್ದು ಅಪರೂಪ.

ಈಗ ಆಯಿಗೆ ಕಣ್ಣು ಮಂಜು. ಅವಳ ಟ್ಯಾಂಕುಗಳನ್ನೂ ನಾನೇ ಸರಿಸಬೇಕು, "ಮುಂದೆ ತಗೊ, ಇನ್ನೂ ಮುಂದೆ, ಮೋಸ ಮಾಡ್ಬೇಡ" ಎಂದು ಅವಳು ಹೇಳಿದ ಹಾಗೆ, ನನ್ನ ಮೇಲೇ. ಸರಿಸುತ್ತೇನೆ. ಲೋಕದಲ್ಲಿ ಶತ್ರುವಿಗೆ ನೂರು ವರ್ಷ ಆಯುಷ್ಯ ಕೊಡಪ್ಪಾ ಎಂದು ದಿನಾ ದೇವರಿಗೆ ಕೈಮುಗಿಯುವ ಸೇನಾಧಿಪತಿ ನಾನೊಬ್ಬನೇ ಇರಬೇಕು. ಇಗೋ, ಒಳಗಿಂದ ಕರೆಯುತ್ತಿದ್ದಾಳೆ.

"ಏನಾ, ಹೆದರ್ಕೊಂಡ್ಯಾ? ಬಾ, ಕೂತ್ಕೊ."