ಬೆಳ್ಳ ಕೂರಿಸಿದ ಗಾಲಿ ಹಾಡಿಗೆ ಬರುವುದಿಲ್ಲ

ಹುಣಸೂರು ಬೈಪಾಸಿನ ಬೀದಿದೀಪಗಳು ಇನ್ನೂ ಆರಿಲ್ಲ. ಟಯರ್ ಅಂಗಡಿಯ ಮುಂದೆ ಪುಟ್ಟ ಬಿಳಿ ಕಾರೊಂದು ಜಾಕಿಯ ಮೇಲೆ ಓರೆಯಾಗಿ ನಿಂತಿದೆ. ಮೂರು ಗಾಲಿ ನಿನ್ನೆ ಸಂಜೆಯೇ ಕೂತಿವೆ. ನಾಲ್ಕನೆಯದರ ಮುಂದೆ ಕುಕ್ಕರುಗಾಲಲ್ಲಿ ಕೂತ ಬೆಳ್ಳ, ಕಂಪನಿಯಿಂದ ಬಂದ ಸಣಕಲು ಗಾಲಿಯನ್ನು ಕಳಚಿ ಗೋಡೆಗೆ ಒರಗಿಸುತ್ತಾನೆ. ಅದರ ಜಾಗಕ್ಕೆ ಕರಿಬಣ್ಣದ ಅಗಲ ಅಲಾಯ್ ವೀಲನ್ನು ತೊಡೆಯ ಮೇಲೆತ್ತಿಕೊಂಡು ಕೂರಿಸುತ್ತಾನೆ. ಗಾಲಿ ಕಾರಿನ ಮೈಯಿಂದ ಹೊರಗೆ ಇಣುಕುತ್ತದೆ. ಕಾರಿನ ಯಜಮಾನ ಕಾಂತರಾಜು ಗಾವಡಗೆರೆ ಕಡೆಯ ಹುಡುಗ. ಮನೆಯ ಹೊಗೆಸೊಪ್ಪು ಹರಾಜಿನಲ್ಲಿ ಒಳ್ಳೆ ದರಕ್ಕೆ ಹೋಗಿದೆ. ಮೊಬೈಲಿನಲ್ಲಿ ಗಾಲಿಯ ಫೋಟೋ ಹಿಡಿಯುವುದೇ ಅವನಿಗೆ ಕೆಲಸ.

“ಇನ್ನೂ ಈಚೆಗೆ ಬರ್ಬೇಕು ಕಣೋ ಬೆಳ್ಳ. ನೋಡುದ್ರೆ ಉಲಿ ನಿಂತಂಗೆ ಇರ್ಬೇಕು.”

“ಉಲಿ ಇಂಗೆ ಕಾಲು ಅಗಲಿಸ್ಕಂಡು ನಿಲ್ಲಕ್ಕಿಲ್ಲ ಕಣಣ್ಣ. ನಾನು ನೋಡಿವ್ನಿ.”

ಅಗಲದ ಗಾಲಿ ಹಾಕಿದರೆ ಮಡ್ಗಾರ್ಡಿನ ಒಳ ಅಂಚು ಟಯರಿಗೆ ತಾಗುತ್ತದೆ. ಬೆಳ್ಳ ಆ ಅಂಚನ್ನು ಬಿಸಿಗಾಳಿಯಲ್ಲಿ ಕಾಯಿಸಿ, ಟಯರಿಗೂ ತಗಡಿಗೂ ನಡುವೆ ಹಳೆಯ ಒನಕೆಯ ತುಂಡು ಸಿಗಿಸಿ, ಕಾರನ್ನು ಹಿಂದೆ ಮುಂದೆ ದೂಡುತ್ತಾನೆ. ಅಂಚು ಒಳಕ್ಕೆ ಮಡಿಚಿಕೊಳ್ಳುತ್ತದೆ. ಆದರೆ ತಾಗುತ್ತದೋ ಇಲ್ಲವೋ ಎಂಬುದು ಖಾಲಿ ಕಾರಿನಲ್ಲಿ ತಿಳಿಯುವುದಿಲ್ಲ. ಹಿಂದಿನ ಸೀಟಿಗೆ ಭಾರ ಬೀಳಬೇಕು.

ಭಾರ ಎದುರಿಗೇ ಇದೆ. ಕೊಡಗಿನ ಕಾಫಿ ತೋಟಕ್ಕೆ ಆಳು ಸಾಗಿಸುವ ಜೀಪು ಇನ್ನಷ್ಟು ಜನಕ್ಕೆ ಕಾಯುತ್ತಾ ಟೀ ಅಂಗಡಿಯ ಬಳಿ ನಿಂತಿದೆ. ಅದರೊಳಗೆ ಒಬ್ಬರ ಮಡಿಲಲ್ಲಿ ಒಬ್ಬರಂತೆ ತುರುಕಿಕೊಂಡವರು ಕಾಡಂಚಿನ ಬೆಳ್ಳನ ಹಾಡಿಯ ಹೆಂಗಸರು. ಅವನೂ ಅದೇ ಜೀಪಿನ ಹಿಂಬದಿಗೆ ಜೋತುಬಿದ್ದು ಬಂದವನೇ.

“ಅತ್ತೆ, ಬನ್ನಿ. ಒಸಿ ಕೂತ್ಕಳಿ,” ಎಂದು ಕೂಗುತ್ತಾನೆ.

ಅವನ ಹೆಂಡತಿ ಕುಳ್ಳಿಯ ತಾಯಿ ಸೋಮಮ್ಮ ಇನ್ನಿಬ್ಬರೊಂದಿಗೆ ಇಳಿದು ಬರುತ್ತಾರೆ. ಅಷ್ಟರಲ್ಲಿ ಕಾಂತರಾಜು ಗೊಬ್ಬರದ ಚೀಲವೊಂದನ್ನು ಹುಡುಕಿ ತಂದು ಸೀಟಿನ ಮೇಲೆ ಹಾಸುತ್ತಾನೆ.

“ಚೀಲ ಯಾಕಪ್ಪ? ಮೂಟೆ ನಾವೇ ಇಲ್ವಾ!” ಸೋಮಮ್ಮ ಅನ್ನುತ್ತಾರೆ. ಹೆಂಗಸರು ಗೊಳ್ಳೆಂದು ನಗುತ್ತಾರೆ. ಕಾಂತರಾಜುವೂ ನಗುತ್ತಾನೆ. ಚೀಲ ಮಾತ್ರ ತೆಗೆಯುವುದಿಲ್ಲ.

ಕಾರು ನಿಧಾನಕ್ಕೆ ರಸ್ತೆಯ ಹಂಪು ಹತ್ತಿ ಇಳಿಯುತ್ತದೆ. ಬೆಳ್ಳ ಸೊಂಟ ಬಗ್ಗಿಸಿ, ಗಾಲಿಯ ಮಗ್ಗುಲಿಗೆ ಕಿವಿಯಿಟ್ಟು ಜೊತೆಯಲ್ಲೇ ಓಡುತ್ತಾನೆ. ಸದ್ದಿಲ್ಲ. “ಆಯ್ತು, ಇಳೀರವ್ವ.” ಹೆಂಗಸರು ಇಳಿಯುತ್ತಾರೆ. ಈ ಸೀಮೆಯಲ್ಲಿ ಹಾಡಿಯ ಹೆಂಗಸರು ಕಾರಿನಲ್ಲಿ ಕೂರುವುದು ಇಷ್ಟಕ್ಕೆ, ಒಂದು ಹಂಪಿನ ದೂರಕ್ಕೆ. ತಕ್ಕಡಿಯ ಕಲ್ಲನ್ನು ಯಾರೂ ಊರಿಗೆ ಕರೆದೊಯ್ಯುವುದಿಲ್ಲ.

ಬೆಳ್ಳನ ಅಪ್ಪ ಕಾಡಿನೊಳಗೆ ಹುಟ್ಟಿದವನು. ಅರಣ್ಯ ಇಲಾಖೆಯವರು ಹೊರಹಾಕಿದ ಮೇಲೆ ಕಾಡಿನಂಚಿನಲ್ಲಿ ಗುಡಿಸಲು ಕಟ್ಟಿದ. ಬೆಳ್ಳ ತೋಟದ ಕೂಲಿ ಮಾಡಿ, ಪಿರಿಯಾಪಟ್ಟಣದಲ್ಲಿ ಪಂಕ್ಚರ್ ಹಾಕಿ, ಕೊನೆಗೆ ಶಿವಶಂಕರನ ಈ ಅಂಗಡಿಗೆ ಬಂದು ನಿಂತ. ಗಾಲಿ ಎತ್ತಿ ಎತ್ತಿ ಮಂಡಿ ಊದಿದೆ. ಬೆರಳ ತುದಿಗಳು ಒಡೆದು, ಅನ್ನಕ್ಕೆ ಸಾರು ಕಲಸುವಾಗ ಉರಿಯುತ್ತವೆ. ಅದನ್ನು ಅವನು ಕಷ್ಟವೆಂದು ಹೇಳುವುದೇ ಇಲ್ಲ. ಕೇಳಿದವರಿಗೆ ಅವನು ಹೇಳುವ ಕಷ್ಟ ಬೇರೆ.

“ಕುಳ್ಳಿ ಬಸುರಿ ಕಣ್ರೀ. ದಿನ ತುಂಬ್ತಾ ಅದೆ. ಅವಳ್ನ ಹಾಡಿಯಿಂದ ಈಚೆಗೆ ತರಬೇಕು. ಎಂಗೆ ತರದು?”

ಹಾಡಿಯ ದಾರಿ ಟಾರು ಮುಗಿದ ಮೇಲೆ ಶುರುವಾಗುತ್ತದೆ. ಕೂಲಿಯ ಜೀಪೂ ಟಾರಿನ ತುದಿಯಲ್ಲೇ ನಿಲ್ಲುತ್ತದೆ, ಆಂಬುಲೆನ್ಸೂ ಅಲ್ಲೇ ನಿಲ್ಲುತ್ತದೆ. ಕಾಡಿನಲ್ಲಿ ರಸ್ತೆ ಮಾಡುವಂತಿಲ್ಲವಂತೆ. ಅದೇ ಕಾಡಿನ ಇನ್ನೊಂದು ಅಂಚಿನಲ್ಲಿ, ಹಿನ್ನೀರಿನ ಬದಿಯಲ್ಲಿ, ಪ್ರವಾಸಿಗರ ಕಾರುಗಳು ರೆಸಾರ್ಟಿನ ಬಾಗಿಲವರೆಗೂ ನುಣ್ಣಗೆ ಹರಿಯುತ್ತವೆ. ಹುಲಿ ನೋಡುವವರಿಗೆ ಇರುವ ದಾರಿ ಹೆರುವವಳಿಗೆ ಇಲ್ಲ.

ಹೋದ ವರ್ಷದ ಮಳೆಗಾಲದ ಒಂದು ಮಧ್ಯಾಹ್ನ ಕುಳ್ಳಿಗೆ ಮೊದಲ ಹೆರಿಗೆಯ ನೋವು ಬಂದಿತ್ತು. ಟಾರಿನ ತುದಿಯ ಊರಿನ ಬಸವರಾಜು ಕರೆದ ಕೂಡಲೇ ಹಾಡಿಯವರೆಗೂ ತನ್ನ ಕಾರು ತಂದ. ಚೀಲ ಹಾಸಲಿಲ್ಲ, ಮುಖ ಸಿಂಡರಿಸಲಿಲ್ಲ. ಆದರೆ ಆ ಕಾರಿಗೆ ಅಗಲದ ಗಾಲಿ ಹಾಕಿದ್ದವನು ಬೆಳ್ಳನೇ. ಅಂಚನ್ನು ಪೂರ್ತಿ ಮಡಿಚಿದರೆ ಬಣ್ಣ ಸಿಡಿಯುತ್ತದೆ, ಅರ್ಧಕ್ಕೆ ಬಿಡು ಎಂದಿದ್ದ ಬಸವರಾಜು. ಬೆಳ್ಳ ಅರ್ಧಕ್ಕೆ ಬಿಟ್ಟಿದ್ದ. ಟಾರಿನ ಹಂಪಿನ ಮೇಲೆ ಹೆಂಗಸರನ್ನು ಕೂರಿಸಿ ನೋಡಿದ್ದ, ಸದ್ದು ಬಂದಿರಲಿಲ್ಲ. ಹಾಡಿಯ ಕೊರಕಲಿಗೆ ತಡೆಯುತ್ತದೆಯೇ ಎಂಬ ಯೋಚನೆ ಅವನಿಗೆ ಬರಲೇ ಇಲ್ಲ. ಹಾಡಿಗೆ ಯಾವ ಕಾರು ಬಂದಿತ್ತೆಂದು ಆ ಯೋಚನೆ ಬರಬೇಕು?

ಕುಳ್ಳಿಯನ್ನು ಕೂರಿಸಿಕೊಂಡು ಹೊರಟ ಕಾರು ಮೊದಲ ಕೊರಕಲಿನಲ್ಲೇ ಕರ್ರೆಂದಿತು. ಭಾರ ಇಳಿಸಲು ಬೆಳ್ಳ ಇಳಿದ, ಸೋಮಮ್ಮ ಇಳಿದರು. ಹಿಂದಿನ ಸೀಟಿನಲ್ಲಿ ಕುಳ್ಳಿಯೊಬ್ಬಳೇ ಉಳಿದರೂ ಕಾರು ಏಳಲಿಲ್ಲ. ಅರ್ಧ ಮಡಿಚಿದ ಅಂಚು ಟಯರಿನ ಪಕ್ಕೆಯನ್ನು ಕತ್ತಿಯಂತೆ ಸೀಳಿತು. ಸ್ಟೆಪ್ನಿ ಹಾಕೋಣವೆಂದರೆ ಕೆಸರಿನಲ್ಲಿ ಜಾಕಿ ಹೂತುಹೋಗುತ್ತಿತ್ತು. ಕಂಬಳಿಯಲ್ಲಿ ಹೊತ್ತು ನಡೆದರು. ಟಾರು ಸಿಗುವ ಮೊದಲೇ ಹೆರಿಗೆಯಾಯಿತು. ಮಗು ಅಳಲಿಲ್ಲ.

“ಬಸವರಾಜಣ್ಣ ಅತ್ತ್‌ಬುಟ್ರು. ನಾನು ಅಳಲಿಲ್ಲ. ಆ ಅಂಚಿಗೆ ಬೆರಳು ಇಕ್ಕಿ ನೋಡ್ದೆ. ನನ್ನ ಕೈ ಕೆಲ್ಸವೇ ಅದು.”

ಮಾರನೇ ವಾರ ಅವನು ಮತ್ತೆ ಇದೇ ಜಾಗದಲ್ಲಿ ಕುಕ್ಕರಿಸಿ ಕೂತ. ಬೇರೆ ಕೆಲಸ ಬರುವುದಿಲ್ಲ. ಈಗ ಯಾರು ಏನೇ ಹೇಳಲಿ, ಅಂಚನ್ನು ಪೂರ್ತಿ ಮಡಿಚುತ್ತಾನೆ. ಬಣ್ಣ ಸಿಡಿದರೆ ಬೈಗುಳ ತಿನ್ನುತ್ತಾನೆ. ಹಾಗೆ ಮಾಡಿದರೂ, ಗಾಲಿಯ ಜೊತೆಗೆ ಸ್ಪ್ರಿಂಗೂ ಕತ್ತರಿಸಿ ನೆಲಕ್ಕೆ ಕುಗ್ಗಿಸಿದ ಕಾರು ಹಾಡಿಯ ದಾರಿಗೆ ಬಾರದು. “ಒಂದೊಂದು ಗಾಡಿ ಮುಗಿಸ್ದಾಗ್ಲೂ ಅನ್ಕತ್ತೀನಿ, ಇದೂ ಬರಕ್ಕಿಲ್ಲ. ಸುತ್ತಮುತ್ಲ ಊರಲ್ಲಿ ಬರೋ ಗಾಡಿಗಳ್ನೆಲ್ಲ ನಾನೇ ಬರದಂಗೆ ಮಾಡ್ತಾ ಇವ್ನಿ.”

ಆಸ್ಪತ್ರೆಯಲ್ಲಿ ಮೊದಲೇ ಸೇರಿಸಿಕೊಳ್ಳಿ ಎಂದು ಕೇಳಿ ನೋಡಿದ. ನೋವು ಬಂದ ಮೇಲೆ ಕರೆದುಕೊಂಡು ಬಾ ಎಂದರು. ಹುಣಸೂರಿನಲ್ಲಿ ಬಾಡಿಗೆ ಕೋಣೆ ಕೇಳಿದ. ಯಾವ ಊರು, ಯಾವ ಜನ ಎಂದು ವಿಚಾರಿಸಿದವರೆಲ್ಲ ಕೋಣೆ ನಿನ್ನೆಯೇ ಹೋಯಿತು ಎಂದರು. ಇನ್ನು ಉಳಿದಿರುವುದು ಅಂಗಡಿಯ ಹಿಂದಿನ ಶೆಡ್ಡು.

“ಅಲ್ಲೊಂದು ಮೂಲೆ ಖಾಲಿ ಬಿದ್ದದೆ. ಒಂದು ಚಾಪೆ ಇಡಿಸೋವಷ್ಟು. ಕುಳ್ಳೀನೂ ನಮ್ಮತ್ತೇನೂ ಎರಿಗೆ ಆಗೋಗಂಟ ಇದ್ರೆ, ಆಸ್ಪತ್ರೆ ನಡ್ಕಂಡೇ ಓಗಬೋದು. ಇನ್ನೇನೂ ಕೇಳಾಕಿಲ್ಲ ನಾನು.”

ಶಿವಶಂಕರನನ್ನು ಅವನು ಕೇಳಿ ವಾರವಾಯಿತು. ಶಿವಶಂಕರ ಇಲ್ಲವೆಂದಿಲ್ಲ. “ಗಿರಾಕಿಗಳು ಬರೋ ಜಾಗ ಕಣೋ, ನೋಡಣ ಬುಡು,” ಎಂದಿದ್ದಾನೆ. ಬೆಳ್ಳ ಆ ‘ನೋಡಣ’ವನ್ನು ನೆಚ್ಚಿಕೊಂಡು, ನಿನ್ನೆ ಕೆಲಸ ಮುಗಿದ ಮೇಲೆ ಆ ಮೂಲೆಯನ್ನು ಗುಡಿಸಿ, ಗೋಡೆಯ ಗ್ರೀಸನ್ನು ಸೀಮೆಣ್ಣೆಯಲ್ಲಿ ಒರೆಸಿಟ್ಟಿದ್ದಾನೆ.

ಬಿಸಿಲು ಏರುತ್ತಿದೆ. ಕಾಂತರಾಜು ಹಾರನ್ ಹೊಡೆಯುತ್ತಾ ಹೊರಟುಹೋದ. ಮೈಸೂರಿನಿಂದ ಲಗೇಜ್ ಆಟೋ ಬಂದು ನಿಲ್ಲುತ್ತದೆ, ಅದರ ತುಂಬ ಹೊಸ ಗಾಲಿಯ ಪೆಟ್ಟಿಗೆಗಳು. ಶಿವಶಂಕರ ಒಳಗೊಮ್ಮೆ ಇಣುಕಿ, “ಓಹೋ, ಮೂಲೆ ಚೊಕ್ಕಟ ಮಾಡಿದ್ದೀಯಲ್ಲೋ! ಅಲ್ಲೇ ಜೋಡಿಸ್ಬುಡು,” ಅನ್ನುತ್ತಾನೆ. ಕೇಡಿನ ಮಾತಲ್ಲ. ಅವನಿಗೆ ಮರೆತೇ ಹೋಗಿದೆ.

ಬೆಳ್ಳ ಒಂದೊಂದೇ ಪೆಟ್ಟಿಗೆ ಹೊತ್ತು ತರುತ್ತಾನೆ. ಗೋಡೆಗೆ ಒತ್ತಿ, ಒಂದರ ಮೇಲೊಂದು ಏರಿಸಿ, ಸೂರಿನ ತಗಡಿಗೆ ಮುಟ್ಟುವವರೆಗೂ ಪೇರಿಸುತ್ತಾನೆ. ಕೆಳಗೆ ಚಾಪೆಯಗಲದ ನೆಲ ಇನ್ನೂ ಕಾಣುತ್ತಿದೆ.

“ಒತ್ತರಿಸಿ ಇಟ್ರೆ ಜಾಗ ಉಳೀತದೆ ಕಣಣ್ಣ,” ಅನ್ನುತ್ತಾನೆ.

“ಉಳೀಲಿ ಬುಡು,” ಶಿವಶಂಕರ ಫೋನಿನಿಂದ ಕಿವಿ ತೆಗೆಯದೆ ಹೇಳುತ್ತಾನೆ, “ಸಂಜೆಗೆ ಇನ್ನೊಂದು ಲೋಡ್ ಅದೆ.”